ಸಂಗಮದಿಂದ ನಂದಿಗೆ: ಅರ್ಕಾವತಿಯ ನೂರಮೂವತ್ತು ವರ್ಷ

ಅರ್ಕಾವತಿ ಹೊಳೆಯ ಹೆಸರಘಟ್ಟ ಕೆರೆಯ ನೀರು ಕೊಳಾಯಿಯಲ್ಲಿ ಬೆಂಗಳೂರಿಗೆ ಹರಿದದ್ದು 1896ರಲ್ಲಿ. ಈ ವರ್ಷಕ್ಕೆ ಅದಕ್ಕೆ ನೂರಮೂವತ್ತು ತುಂಬುತ್ತದೆ. ಬೆಂಗಳೂರಿನ ಜನ ಮೊದಲ ಸಲ ಕೊಳಾಯಿಗೆ ಬಿಂದಿಗೆ ಹಿಡಿದದ್ದು ಅರ್ಕಾವತಿಯ ನೀರಿಗಾಗಿ. ಆ ಹೊಳೆಯನ್ನು ನಾವು ಹೇಗೆ ಬಳಸಿದೆವು, ಅದು ಈಗ ಎಲ್ಲಿ ಬಂದು ನಿಂತಿದೆ ಎಂದು ತಿರುಗಿ ನೋಡಲು ಇದು ತಕ್ಕ ಸಮಯ. ಅರ್ಕಾವತಿಯ ಮೇಲೆ ಕಡತಗಳಿಗೂ ವರದಿಗಳಿಗೂ ಕೊರತೆಯಿಲ್ಲ. ಅವನ್ನು ಹೊಳೆಯ ದಡದಲ್ಲೇ ಇಟ್ಟು ಓದಬೇಕೆಂದು ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಕಾವೇರಿ ಸಂಗಮದಿಂದ ಹೊರಟು, ಹರಿವಿಗೆ ಎದುರುಮುಖವಾಗಿ ನಂದಿಬೆಟ್ಟದ ಬುಡದವರೆಗೆ ಹೋದೆವು. ಹೊಳೆಯ ಉದ್ದ ಸುಮಾರು 190 ಕಿಲೋಮೀಟರ್. ನಸುಕಿನಲ್ಲಿ ಹೊರಟರೆ ಕತ್ತಲಾಗುವುದರೊಳಗೆ ತುದಿ ಮುಟ್ಟಬಹುದು.

ಕೆಳಗಿನಿಂದ ಮೇಲಕ್ಕೆ ಹೋಗಿದ್ದಕ್ಕೆ ಕಾರಣವಿದೆ. ಹರಿವಿನ ಜೊತೆ ಇಳಿದವರಿಗೆ ಹೊಳೆ ತುಂಬಿಕೊಳ್ಳುತ್ತಾ ಹೋಗುವುದಷ್ಟೇ ಕಾಣುತ್ತದೆ. ಎದುರು ಹತ್ತುವವರು ಪ್ರತಿ ಸೇತುವೆಯ ಮೇಲೂ ನಿಂತು, ಈ ನೀರು ಎಲ್ಲಿಂದ ಬಂತು ಎಂದು ಕೇಳಲೇಬೇಕಾಗುತ್ತದೆ. ಅರ್ಕಾವತಿಯ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಅದೊಂದೇ.

ಸಂಗಮದಲ್ಲಿ ಬೇಸಿಗೆ ಹತ್ತಿರವಾಗುತ್ತಿದ್ದರೂ ಅರ್ಕಾವತಿಯಲ್ಲಿ ನೀರಿರುತ್ತದೆ. ಪ್ರವಾಸಿಗರು ಹೊಳೆ ದಾಟಿ ಮೇಕೆದಾಟಿನ ಬಸ್ಸು ಹಿಡಿಯುತ್ತಾರೆ, ನೀರು ಹೆಚ್ಚಿದ್ದರೆ ತೆಪ್ಪ ಹತ್ತುತ್ತಾರೆ. ಹರಿವು ಕಂಡು ಹೊಳೆ ಚೆನ್ನಾಗಿದೆ ಎಂದುಕೊಂಡರೆ ತಪ್ಪಲ್ಲ. ಒಣಭೂಮಿಯಲ್ಲಿ ಹುಟ್ಟಿ, ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ ಹರಿಯುವ ಹೊಳೆಯಲ್ಲಿ ಈ ದಿನಗಳಲ್ಲೂ ಇಷ್ಟು ನೀರು ಇರುವುದು ಹೇಗೆ ಎಂಬುದು ಆಮೇಲೆ ಹೊಳೆಯಬೇಕಾದ ಪ್ರಶ್ನೆ. ಉತ್ತರ ಕನಕಪುರದ ರಸ್ತೆಯಲ್ಲೇ ಇದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ಕಾವೇರಿ ನೀರು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಾಗಿ, ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರ್ ಎತ್ತರ ಏರಿ ಬೆಂಗಳೂರು ಸೇರುತ್ತದೆ. ನಗರದ ಪಶ್ಚಿಮ ಭಾಗದ ಮನೆಗಳಲ್ಲಿ ಬಳಕೆಯಾದ ಆ ನೀರು ಚರಂಡಿಗೆ ಬಿದ್ದು, ವೃಷಭಾವತಿಯಲ್ಲಿ ಇಳಿದು, ಕನಕಪುರದ ಕಡೆ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಮರಳಿ ಕಾವೇರಿಯ ಪಾಲಾಗುತ್ತದೆ. ಸಂಗಮದಲ್ಲಿ ನಾವು ಕಂಡ ಹರಿವಿನ ಬಹುಪಾಲು ಬೆಂಗಳೂರು ಬಳಸಿ ಬಿಟ್ಟ ಕಾವೇರಿ. ಅರ್ಕಾವತಿಯ ಸ್ವಂತ ನೀರು ಅದರಲ್ಲಿ ಎಷ್ಟಿದೆಯೆಂದು ಹುಡುಕಬೇಕಾದರೆ ಮೇಲಕ್ಕೆ ಹೋಗಬೇಕು.

ಸಂಗಮದಿಂದ ಮೇಲಕ್ಕೆ ಬಂದರೆ ಸಿಗುವ ಹಾರೋಬೆಲೆ ಜಲಾಶಯದಲ್ಲಿ ನಿಂತಿರುವುದೂ ಇದೇ ನೀರು. ಅದರ ಮೂಲ ನೋಡಲು ಮುಖ್ಯ ಹೊಳೆಯನ್ನು ಬಿಟ್ಟು ಬಿಡದಿಯ ಕಡೆಗೆ ತಿರುಗಿ ಭೈರಮಂಗಲದ ಕೆರೆಗೆ ಹೋಗಬೇಕು. ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟುತ್ತದೆಂದು ಜನ ನಂಬಿದ ವೃಷಭಾವತಿ ಇಲ್ಲಿ ಕಪ್ಪಗೆ ಬಂದು ಸೇರುತ್ತದೆ. ಕೋಡಿಯ ಕೆಳಗೆ ಬಿಳಿ ನೊರೆ ಏಳುತ್ತದೆ, ಗಾಳಿ ಬೀಸಿದರೆ ರಸ್ತೆಗೂ ಹಾರುತ್ತದೆ. ಅಚ್ಚುಕಟ್ಟಿನ ರೈತರಿಗಾಗಿ 1940ರ ದಶಕದಲ್ಲಿ ಕಟ್ಟಿದ ಕೆರೆ ಇದು. ಭತ್ತ, ರಾಗಿ, ಕಬ್ಬು ಬೆಳೆದವರು ನೀರು ಕೆಟ್ಟಂತೆ ಬೆಳೆಯನ್ನೇ ಬದಲಾಯಿಸುತ್ತಾ ಬಂದರು. ಹುಲ್ಲು, ಬೇಬಿಕಾರ್ನ್, ತೆಂಗು, ಹಿಪ್ಪುನೇರಳೆ, ಈ ನೀರಿಗೆ ತಡೆಯುವುದು ಯಾವುದೋ ಅದು. ಕುಡಿಯುವ ನೀರಿನ ಬಾವಿಗಳನ್ನು ಊರುಗಳು ಬಿಟ್ಟುಕೊಟ್ಟು ಎಷ್ಟೋ ವರ್ಷವಾಯಿತು. ಕೊಳಚೆ ಕೆರೆಗೆ ಬೀಳದಂತೆ ಪಕ್ಕದಲ್ಲೇ ಕಾಲುವೆ ತೋಡಿ ಕೆಳಕ್ಕೆ ಸಾಗಿಸುವ ಕಾಮಗಾರಿಯನ್ನು ಪರಿಹಾರ ಎಂದು ಕೈಗೆತ್ತಿಕೊಳ್ಳಲಾಯಿತು. ಅದರಿಂದ ಭೈರಮಂಗಲದ ಕೆರೆ ಉಳಿಯಬಹುದು. ಕೊಳಚೆ ಮಾತ್ರ ಕೆಳಗಿನ ಊರುಗಳಿಗೆ ಇನ್ನೂ ಬೇಗ ತಲುಪುತ್ತದೆ. ಒಂದು ಊರಿನ ಕಷ್ಟವನ್ನು ಮುಂದಿನ ಊರಿಗೆ ದಾಟಿಸುವುದನ್ನು ಈ ಪತ್ರಿಕೆ ಪರಿಹಾರವೆಂದು ಒಪ್ಪುವುದಿಲ್ಲ. ಕೆಟ್ಟ ನೀರನ್ನು ದಶಕಗಳ ಕಾಲ ಸಹಿಸಿಕೊಂಡು ಬೇಸಾಯ ಉಳಿಸಿಕೊಂಡ ಇದೇ ಭೈರಮಂಗಲ, ಕಂಚುಗಾರನಹಳ್ಳಿ ಪಂಚಾಯಿತಿಗಳ ಜಮೀನು ಈಗ ಬಿಡದಿ ಉಪನಗರಕ್ಕೆ ಸ್ವಾಧೀನವಾಗಬೇಕೆಂಬ ಪ್ರಸ್ತಾವ ಎದುರಿಗಿದೆ. ಆ ರೈತರ ಸಿಟ್ಟನ್ನು ಬರೀ ಪರಿಹಾರದ ಮೊತ್ತದ ಚೌಕಾಸಿ ಎಂದು ನೋಡುವವರು ಒಮ್ಮೆ ಆ ಕೋಡಿಯ ಬಳಿ ನಿಂತು ಬರಬೇಕು.

ಮತ್ತೆ ಮುಖ್ಯ ಹೊಳೆಗೆ ಬಂದರೆ, ವೃಷಭಾವತಿ ಸೇರುವ ಜಾಗಕ್ಕಿಂತ ಮೇಲೆ ಅರ್ಕಾವತಿ ಒಮ್ಮೆಲೇ ಸೊರಗುತ್ತದೆ. ರಾಮನಗರದಲ್ಲಿ ಅದು ಊರಿನ ನಡುವೆ ಹಾಯುತ್ತದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ಇರುವ ಈ ಊರಿಗೆ ಹೊಳೆ ಎಂದರೆ ಈಗ ಹೆಚ್ಚಾಗಿ ಊರಿನ ಚರಂಡಿ ಬಂದು ಬೀಳುವ ಜಾಗ. 2022ರ ಆಗಸ್ಟ್ ಕೊನೆಯಲ್ಲಿ ಸುರಿದ ಮಳೆಗೆ ಇಲ್ಲಿನ ಕೆರೆಗಳು ಒಡೆದು ಬಡಾವಣೆಗಳು ಮುಳುಗಿದವು, ಬೆಂಗಳೂರು–ಮೈಸೂರು ಹೆದ್ದಾರಿ ಹೊಳೆಯಾಯಿತು. ಹೊಳೆ ಬತ್ತಿತೆಂದು ಅದರ ಜಾಗವನ್ನು ಒತ್ತಿಕೊಂಡದ್ದು, ಮಳೆ ಬಂದ ವರ್ಷ ಅದೇ ಜಾಗದಲ್ಲಿ ನೀರು ನುಗ್ಗಿದ್ದು, ಎರಡೂ ಒಂದೇ ಕತೆ.

ಮಂಚನಬೆಲೆ ಜಲಾಶಯದಲ್ಲಿ ಸಾವನದುರ್ಗದ ಬಂಡೆ ನೀರಿನ ಹಿಂದೆ ಎದ್ದು ನಿಂತಿರುತ್ತದೆ. ನೋಡಲು ಚೆಲುವಾದ ಜಾಗ, ಹೆಚ್ಚು ಹೊತ್ತು ನಿಲ್ಲಲಿಲ್ಲ. ನೋಡಬೇಕಾದದ್ದು ಅದರ ಮೇಲಿನ ತಿಪ್ಪಗೊಂಡನಹಳ್ಳಿ.

ಅರ್ಕಾವತಿ ಮತ್ತು ಶಿವಗಂಗೆಯಿಂದ ಬರುವ ಕುಮುದ್ವತಿ ಕೂಡುವ ಕಡೆ ಕಟ್ಟಿದ ಈ ಜಲಾಶಯ 1933ರಲ್ಲಿ ಬಳಕೆಗೆ ಬಂತು. ಚಾಮರಾಜಸಾಗರ ಎಂಬುದು ಇದರ ಹೆಸರು. ಇದರ ಹಿಂದಿನ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1876–78ರ ಬರದ ನೆನಪು ಹಸಿಯಾಗಿದ್ದಾಗ, ಧರ್ಮಾಂಬುಧಿಯಂಥ ಊರೊಳಗಿನ ಕೆರೆಗಳು ಸಾಲದೆಂದು ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹದಿನೆಂಟು ಕಿಲೋಮೀಟರ್ ದೂರದ ಹೆಸರಘಟ್ಟಕ್ಕೆ ಹೋದರು. ಅಲ್ಲಿಂದ ನೀರು ತಾನಾಗಿ ಹರಿದು ಸೋಲದೇವನಹಳ್ಳಿಗೆ ಬಂದು, ಉಗಿಯಂತ್ರಗಳ ಬಲದಿಂದ ಊರಿಗೆ ಏರುತ್ತಿತ್ತು. ಮೂವತ್ತು ವರ್ಷ ದಾಟುವುದರೊಳಗೆ ಹೆಸರಘಟ್ಟ ಕೈಕೊಟ್ಟಿತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ವಿಶ್ವೇಶ್ವರಯ್ಯನವರ ಸಲಹೆಯಂತೆ, ಅದೇ ಹೊಳೆಯ ಇನ್ನೂ ಕೆಳಗೆ ಬಂದು ತಿಪ್ಪಗೊಂಡನಹಳ್ಳಿ ಕಟ್ಟಿದರು. ನಲವತ್ತು ವರ್ಷಕ್ಕೆ ಅದೂ ಸಾಲದಾಯಿತು. 1974ರಲ್ಲಿ ಕಾವೇರಿ ಮೊದಲ ಹಂತ ಬಂತು. ಆಮೇಲೆ 1982ರಲ್ಲಿ ಎರಡನೆಯದು, 1993ರಲ್ಲಿ ಮೂರನೆಯದು, 2002 ಮತ್ತು 2012ರಲ್ಲಿ ಎರಡು ಭಾಗವಾಗಿ ನಾಲ್ಕನೆಯದು. ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ಸೇರಿತು.

ಈ ಪಟ್ಟಿಯನ್ನು ಸಾಧನೆಯ ಪಟ್ಟಿ ಎಂದು ಓದುವುದು ವಾಡಿಕೆ. ಅದು ಸಾಧನೆಯೂ ಹೌದು. ಅಷ್ಟು ಎತ್ತರಕ್ಕೆ ಅಷ್ಟು ನೀರನ್ನು ಎಡೆಬಿಡದೆ ಎತ್ತುವ ಎಂಜಿನಿಯರುಗಳ, ಕಾರ್ಮಿಕರ ಶ್ರಮಕ್ಕೆ ಕೈಮುಗಿಯಬೇಕು. ಆದರೆ ಪ್ರತಿ ಸಲ ಮುಂದಿನ ನೀರಿಗೆ ಕೈಹಾಕಿದಾಗ ಹಿಂದಿನ ಹೊಳೆಯ ಲೆಕ್ಕ ಮುಗಿಸದೆ ಬಿಟ್ಟೆವು. ಹೆಸರಘಟ್ಟ ಯಾಕೆ ಬತ್ತಿತೆಂದು ವಿಚಾರಿಸುವ ತುರ್ತು ತಿಪ್ಪಗೊಂಡನಹಳ್ಳಿ ಬಂದಮೇಲೆ ಯಾರಿಗೂ ಉಳಿಯಲಿಲ್ಲ. ಕಾವೇರಿ ಬಂದಮೇಲೆ ತಿಪ್ಪಗೊಂಡನಹಳ್ಳಿಗೂ ಅದೇ ಗತಿಯಾಯಿತು. ಈ ಜಲಾಶಯಕ್ಕೆ 1975ಕ್ಕೆ ಮುಂಚೆ ದಿನಕ್ಕೆ ಸರಾಸರಿ 38.5 ಕೋಟಿ ಲೀಟರ್ ನೀರು ಬರುತ್ತಿತ್ತು. 2000ದ ನಂತರ ಬಂದದ್ದು ಸುಮಾರು 6.5 ಕೋಟಿ. 2012ರ ಹೊತ್ತಿಗೆ ಇಲ್ಲಿಂದ ನಗರಕ್ಕೆ ನೀರು ಎತ್ತುವುದೇ ನಿಂತಿತು, ನೀರು ಕಡಿಮೆಯಾದ್ದಕ್ಕೂ ಸರಿ, ಇದ್ದ ನೀರು ಕೆಟ್ಟದ್ದಕ್ಕೂ ಸರಿ.

ಮಳೆ ಕಡಿಮೆಯಾಗಿದ್ದಕ್ಕೆ ಹೊಳೆ ಬತ್ತಿತು ಎನ್ನುವ ಮಾತು ದಾರಿಯುದ್ದಕ್ಕೂ ಕಿವಿಗೆ ಬೀಳುತ್ತದೆ. ಅದು ನಿಜವಲ್ಲ ಎಂದು ತೋರಿಸಿಕೊಟ್ಟವರು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು. ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮತ್ತು ಅವರ ಸಂಗಡಿಗರು ಅರ್ಕಾವತಿ ಬತ್ತಲು ಇರಬಹುದಾದ ಕಾರಣಗಳನ್ನು ಒಂದೊಂದಾಗಿ ತೂಗಿ ನೋಡಿ 2015ರಲ್ಲಿ ಪ್ರಕಟಿಸಿದರು. ಮಳೆಯ ಪ್ರಮಾಣದಲ್ಲಿ ಈ ಕುಸಿತವನ್ನು ವಿವರಿಸುವಂಥ ಬದಲಾವಣೆ ಆಗಿಲ್ಲ, ಬಿಸಿಲು ಹೆಚ್ಚಿದ್ದೂ ಇಷ್ಟಕ್ಕೆ ಕಾರಣವಾಗಲಾರದು ಎಂಬುದು ಅವರ ತೀರ್ಮಾನ. ಅವರು ಬೆರಳು ಮಾಡಿ ತೋರಿಸಿದ್ದು ಕೊಳವೆಬಾವಿಗಳನ್ನು, ನೀಲಗಿರಿ ತೋಪುಗಳನ್ನು, ಹಳ್ಳಗಳಿಗೆ ಅಡ್ಡಲಾಗಿ ಎದ್ದ ಒಡ್ಡುಗಳನ್ನು.

ಇದು ಹೇಗೆ ನಡೆಯುತ್ತದೆಂದು ತಿಳಿಯದೆ ಹೊಳೆ ಉಳಿಸುವ ಮಾತಾಡಿ ಉಪಯೋಗವಿಲ್ಲ. ಹಿಂದೆ ಈ ಸೀಮೆಯಲ್ಲಿ ಅಂತರ್ಜಲ ಕೈಗೆಟುಕುವಷ್ಟು ಮೇಲಿತ್ತು. ಕಪಿಲೆ ಹೂಡಿ ಬಾವಿಯಿಂದ ನೀರೆತ್ತುತ್ತಿದ್ದ ದಿನಗಳನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ನೆಲದೊಳಗಿನ ನೀರು ಹಳ್ಳದ ಮರಳಿನಲ್ಲಿ ಜಿನುಗುತ್ತಿತ್ತು. ಬೇಸಿಗೆಯಲ್ಲಿ ಮರಳು ಬಗೆದರೆ ಚಿಲುಮೆ ಸಿಗುತ್ತಿತ್ತು. ಹೊಳೆ ಹರಿಯುತ್ತಿದ್ದುದು ಬರೀ ಮೇಲೆ ಬಿದ್ದ ಮಳೆಯಿಂದಲ್ಲ, ಈ ಜಿನುಗಿನಿಂದಲೂ. 1970ರ ದಶಕದ ನಂತರ ರಿಗ್ಗುಗಳು ಬಂದವು. ಕೊಳವೆಬಾವಿ ನೂರಾರು ಅಡಿ ಇಳಿದು, ಈಗ ಸಾವಿರ ಅಡಿಯ ಮಾತು ಸಾಮಾನ್ಯವಾಗಿದೆ. ನೆಲದ ನೀರು ಅಷ್ಟು ಕೆಳಗೆ ಹೋದ ಮೇಲೆ ಹಳ್ಳಕ್ಕೆ ಜಿನುಗಲು ಏನೂ ಉಳಿಯಲಿಲ್ಲ. ಹಳ್ಳದ ತಳವೇ ತೂತುಬಿದ್ದ ಮಡಕೆಯಂತಾಗಿ, ಮಳೆ ಬಂದರೂ ನೀರನ್ನು ಕೆಳಕ್ಕೆ ಬಿಟ್ಟುಕೊಳ್ಳುತ್ತದೆ. ನೀಲಗಿರಿ ಇನ್ನೊಂದು ಕಡೆಯಿಂದ ಕೆಲಸ ಮಾಡಿತು. ರಾಗಿ ಹೊಲ ಮಳೆಗಾಲದ ತೇವವನ್ನಷ್ಟೇ ಬಳಸಿ ಉಳಿದದ್ದನ್ನು ನೆಲಕ್ಕೆ ಬಿಡುತ್ತಿತ್ತು. ನೀಲಗಿರಿಯ ಬೇರು ವರ್ಷವಿಡೀ ಆಳದ ತೇವವನ್ನು ಹೀರುತ್ತದೆ. ಅಂಥ ತೋಪಿನಲ್ಲಿ ಅಂತರ್ಜಲಕ್ಕೆ ಇಳಿಯುವ ನೀರು ತೀರಾ ಕಡಿಮೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ಸಸಿ ಹಂಚಿ ನೆಡಿಸಿದ್ದು ಸರ್ಕಾರವೇ. ಹೊಸದಾಗಿ ನೆಡಕೂಡದೆಂದು 2017ರಲ್ಲಿ ನಿಷೇಧಿಸಿದ್ದೂ ಸರ್ಕಾರವೇ. ಕಡಿದರೆ ಬುಡದಿಂದ ಮತ್ತೆ ಚಿಗುರುವ ಹಳೆಯ ತೋಪುಗಳು ಹಾಗೇ ಇವೆ.

ಇಲ್ಲಿ ರೈತನನ್ನು ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ. ಬೆಂಗಳೂರಿನ ಸಂತೆಗೆ ತರಕಾರಿ, ಹೂವು, ದ್ರಾಕ್ಷಿ, ಹಾಲು ಬೇಕು. ಅದನ್ನು ಕೊಟ್ಟವರು ದೊಡ್ಡಬಳ್ಳಾಪುರ, ನೆಲಮಂಗಲ, ಮಾಗಡಿಯ ಬೇಸಾಯಗಾರರು. ಕೆರೆಗೆ ನೀರು ಬರದಿದ್ದಾಗ ಬೋರ್ ಕೊರೆಸಿದರು, ಬೋರ್ ಕೈಕೊಟ್ಟಾಗ ಸಾಲ ಮಾಡಿ ಇನ್ನೊಂದು ಕೊರೆಸಿದರು, ಅದೂ ಹೋದಾಗ, ಕೂಲಿ ಸಿಗದಿದ್ದಾಗ ಹೊಲಕ್ಕೆ ನೀಲಗಿರಿ ಹಾಕಿ ಊರು ಬಿಟ್ಟರು. ಅರ್ಕಾವತಿಯ ನೀರನ್ನು ಕೊಳವೆಯಿಂದ ಒಯ್ಯುವುದನ್ನು ನಿಲ್ಲಿಸಿದ ಮೇಲೂ ಆ ನೀರು ಕಾಯಿಪಲ್ಯದ ರೂಪದಲ್ಲಿ ನಗರಕ್ಕೆ ಹೋಗುತ್ತಲೇ ಇದೆ. ಆ ಋಣವನ್ನು ನಗರ ಒಪ್ಪಿಕೊಂಡರೆ ಮಾತುಕತೆಯ ದಾರಿ ತೆರೆಯುತ್ತದೆ.

ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶ ಸುಮಾರು 1,450 ಚದರ ಕಿಲೋಮೀಟರ್. 2003ರಲ್ಲಿ ಸರ್ಕಾರ ಇದನ್ನು ವಲಯಗಳಾಗಿ ವಿಂಗಡಿಸಿ, ಹೊಳೆಯ ಆಸುಪಾಸು ಕಟ್ಟಡ, ಕೈಗಾರಿಕೆಗಳಿಗೆ ಕಟ್ಟು ಹಾಕಿ ಅಧಿಸೂಚನೆ ಹೊರಡಿಸಿತ್ತು. ಈ ಹೊಳೆಯ ಪರವಾಗಿ ಸರ್ಕಾರ ಮಾಡಿದ ಅತ್ಯಂತ ಗಟ್ಟಿ ಕೆಲಸ ಅದು. ನಂತರದ ವರ್ಷಗಳಲ್ಲಿ ಅದನ್ನು ಸಡಿಲಗೊಳಿಸಲಾಯಿತು. ಹೊಳೆಯ ಅಂಚಿನ ಬಡಾವಣೆಗಳ ಕಲ್ಲುಗಳನ್ನು ಈಗ ರಸ್ತೆಯಿಂದಲೇ ಕಾಣಬಹುದು.

ಹೆಸರಘಟ್ಟ ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ಕೆರೆಯ ಅಂಗಳ ಎಷ್ಟು ವಿಶಾಲವೆಂದರೆ ಒಂದು ದಡದಿಂದ ಇನ್ನೊಂದು ದಡದ ದನಗಳು ಚುಕ್ಕಿಗಳಂತೆ ಕಾಣುತ್ತವೆ. ಹಳೆಯ ಇಟ್ಟಿಗೆಯ ಮೇಲ್ಗಾಲುವೆ ಇನ್ನೂ ನಿಂತಿದೆ. ಅದರ ಕಮಾನುಗಳ ಕೆಲಸ ನೋಡಿದರೆ ಕಟ್ಟಿದವರ ಕೈಗೆ ಗೌರವ ಹುಟ್ಟುತ್ತದೆ. 2022ರ ಅತಿವೃಷ್ಟಿಯಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲದ ನಂತರ ಕೆರೆಗೆ ತುಂಬು ನೀರು ಬಂದಾಗ ಊರೂರಿನ ಜನ ಬಂದು ನೋಡಿದರು, ಬಾಗಿನ ಕೊಟ್ಟರು. ಆ ವರ್ಷ ಒಂದು ಸಂಗತಿಯನ್ನು ಸಾಬೀತು ಮಾಡಿತು: ಕಾಲುವೆಗಳು ಪೂರ್ತಿ ಸತ್ತಿಲ್ಲ, ಸಾಕಷ್ಟು ನೀರು ಬಂದರೆ ಹೊಳೆಗೆ ದಾರಿ ಇನ್ನೂ ಗೊತ್ತಿದೆ. ಪಕ್ಕದ ಹುಲ್ಲುಗಾವಲನ್ನೂ ಸೇರಿಸಿ ಐದು ಸಾವಿರ ಎಕರೆಗೂ ಹೆಚ್ಚು ಪ್ರದೇಶವನ್ನು ಸಂರಕ್ಷಣಾ ಮೀಸಲು ಮಾಡಲು 2024ರಲ್ಲಿ ಒಪ್ಪಿಗೆ ಸಿಕ್ಕಿತು. ಪಕ್ಷಿಪ್ರೇಮಿಗಳು ವರ್ಷಗಟ್ಟಲೆ ಬಿಡದೆ ಹಿಡಿದ ಪಟ್ಟು ಅದು. ಇಡೀ ದಾರಿಯಲ್ಲಿ ನಮಗೆ ಪೂರ್ತಿ ಸಂತೋಷ ಕೊಟ್ಟ ಬೆಳವಣಿಗೆ ಅದೊಂದೇ.

ಕಾಕೋಳು, ಬ್ಯಾತದ ಕೆರೆಗಳನ್ನು ದಾಟಿ ದೊಡ್ಡತುಮಕೂರಿಗೆ ಬಂದರೆ ಭೈರಮಂಗಲದ ವಾಸನೆ ಮತ್ತೆ ಎದುರಾಗುತ್ತದೆ. ದೊಡ್ಡಬಳ್ಳಾಪುರ ನಗರದ ಒಳಚರಂಡಿ ನೀರು, ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ಸೇರುತ್ತಿವೆ. ದೊಡ್ಡತುಮಕೂರು, ಮಜರಾ ಹೊಸಹಳ್ಳಿ ಪಂಚಾಯಿತಿಗಳ ಜನ ಇದರ ವಿರುದ್ಧ ವರ್ಷಗಳಿಂದ ಧರಣಿ, ಪಾದಯಾತ್ರೆ ಮಾಡುತ್ತಿದ್ದಾರೆ. ಅವರ ಬೇಡಿಕೆ ಬಹಳ ಚಿಕ್ಕದು: ಸರಿಯಾಗಿ ಕೆಲಸ ಮಾಡುವ ಶುದ್ಧೀಕರಣ ಘಟಕ, ಅಲ್ಲಿಯವರೆಗೆ ಕುಡಿಯಲು ಬೇರೆ ನೀರು. ಇದು ಹೆಸರಘಟ್ಟದ ಮೇಲುಭಾಗ. ಇಲ್ಲಿ ಕೆಟ್ಟದ್ದೆಲ್ಲ ಮಳೆ ಬಂದ ವರ್ಷ ಹೆಸರಘಟ್ಟಕ್ಕೆ, ಅಲ್ಲಿಂದ ತಿಪ್ಪಗೊಂಡನಹಳ್ಳಿಗೆ ಇಳಿಯುತ್ತದೆ. ಹಾಗಿದ್ದೂ ಇದನ್ನು ಎರಡು ಪಂಚಾಯಿತಿಗಳ ಸ್ಥಳೀಯ ತಕರಾರು ಎಂಬಂತೆ ರಾಜಧಾನಿ ನೋಡುತ್ತಿದೆ.

ದೊಡ್ಡಬಳ್ಳಾಪುರದಿಂದ ಮೇಲೆ ಅರ್ಕಾವತಿ ಎಲ್ಲಿದೆಯೆಂದು ಕೇಳಿ ತಿಳಿದುಕೊಳ್ಳಬೇಕು. ನಗರಕೆರೆಯಿಂದ ನಂದಿಯವರೆಗಿನ ಕೆರೆಗಳ ಸಾಲಿನಲ್ಲಿ ಒಂದರ ಕೋಡಿ ಇನ್ನೊಂದರ ಒಡಲು ಸೇರುವ ಕಾಲುವೆಗಳೇ ಇಲ್ಲಿ ಹೊಳೆ. ಕೆಲವು ಕಡೆ ಕಾಲುವೆ ಜಾಲಿಯಲ್ಲಿ ಮುಚ್ಚಿದೆ, ಕೆಲವು ಕಡೆ ಎರಡು ಹೊಲಗಳ ನಡುವಿನ ಬದುವಿನಷ್ಟಕ್ಕೆ ಕಿರಿದಾಗಿದೆ. ಹಿಂದೆ ನೀರಗಂಟಿ ಇದ್ದ, ತೂಬು ಎತ್ತುವುದು, ಕಾಲುವೆ ಸವರುವುದು ಅವನ ಹೊಣೆ. ಈಗ ಕೆರೆ ಯಾವ ಇಲಾಖೆಯದು, ಕಾಲುವೆ ಯಾವ ಇಲಾಖೆಯದು ಎಂಬುದಕ್ಕೇ ಬೇರೆ ಬೇರೆ ಕಚೇರಿ ಸುತ್ತಬೇಕು. ನಂದಿಯ ಪಶ್ಚಿಮದ ಇಳಿಜಾರಿನ ಕೆಳಗೆ, ಸಂಜೆಯ ಹೊತ್ತಿಗೆ, ನಾವು ನೋಡಿದ ಪಾತ್ರದಲ್ಲಿ ನೀರಿರಲಿಲ್ಲ. ಮಳೆಗಾಲ ಮುಗಿದು ಮೂರು ತಿಂಗಳೂ ಆಗಿರಲಿಲ್ಲ.

ಹೀಗೆ ಇಡೀ ಹೊಳೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ತಳದಲ್ಲಿ ಬೇರೆ ಹೊಳೆಯ ನೀರು, ತಲೆಯಲ್ಲಿ ಬರಿ ಪಾತ್ರ, ನಡುವೆ ಕುಡಿಯಲಾಗದ ಜಲಾಶಯ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪಟ್ಟಿ ಮಾಡಿದ ರಾಜ್ಯದ 17 ಮಲಿನ ನದಿಭಾಗಗಳಲ್ಲಿ ಅರ್ಕಾವತಿಯೂ ಸೇರಿತ್ತು. ಈಗ ಇದೇ ಹೊಳೆಯ ಮೇಲೆ ಸರ್ಕಾರಕ್ಕೆ ಮತ್ತೆ ಕಣ್ಣು ಬಿದ್ದಿದೆ. 2024ರ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರುಗಳ ಹಿಂದೆ ಓಡಿದ ಮೇಲಂತೂ ತಿಪ್ಪಗೊಂಡನಹಳ್ಳಿಯನ್ನು ಮತ್ತೆ ಬಳಕೆಗೆ ತರುವ ಮಾತು ಜೋರಾಗಿದೆ. ಎತ್ತಿನಹೊಳೆಯ ನೀರಿನಲ್ಲಿ ಒಂದು ಪಾಲನ್ನು ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳಿಗೆ ತರಬೇಕೆಂಬುದು ಯೋಜನೆ. ಸಕಲೇಶಪುರದ ಘಟ್ಟದಿಂದ 24.01 ಟಿಎಂಸಿ ತರುವುದಾಗಿ ಹೇಳುವ ಆ ಯೋಜನೆಯ ಅಂದಾಜು ವೆಚ್ಚ 23 ಸಾವಿರ ಕೋಟಿ ರೂಪಾಯಿ ದಾಟಿದೆ. ಅಲ್ಲಿ ಸಿಗುವುದು 9.55 ಟಿಎಂಸಿ ಮಾತ್ರ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಬಹಳ ಹಿಂದೆಯೇ ಎಚ್ಚರಿಸಿತ್ತು. ಅದರ ಜೊತೆಗೆ ವೃಷಭಾವತಿ ಕಣಿವೆಯ ಸಂಸ್ಕರಿಸಿದ ನೀರನ್ನು ನೆಲಮಂಗಲ ಮತ್ತಿತರ ತಾಲ್ಲೂಕುಗಳ ಕೆರೆಗಳಿಗೆ ಏರಿಸುವ ಕಾಮಗಾರಿಯೂ ನಡೆದಿದೆ.

ಬಳಸಿದ ನೀರನ್ನು ಮತ್ತೆ ಬಳಸುವುದನ್ನು ನಾವು ವಿರೋಧಿಸುವುದಿಲ್ಲ. ಬರದ ಸೀಮೆಗೆ ಅದು ಬೇಕು. ಆದರೆ ನೆಲಮಂಗಲ ಕುಮುದ್ವತಿಯ ಜಲಾನಯನದಲ್ಲಿದೆ, ಕುಮುದ್ವತಿ ತಿಪ್ಪಗೊಂಡನಹಳ್ಳಿಗೆ ಹರಿಯುತ್ತದೆ. ಕುಡಿಯುವ ನೀರಿನ ಜಲಾಶಯದ ಮೇಲ್ಭಾಗದ ಕೆರೆಗಳಿಗೆ ಎರಡನೇ ಹಂತದ ಸಂಸ್ಕರಣೆಯಲ್ಲೇ ನಿಂತ ನೀರನ್ನು ತುಂಬಿಸಿ, ಅದೇ ಜಲಾಶಯಕ್ಕೆ ಘಟ್ಟದ ಶುದ್ಧ ನೀರನ್ನು ಸಾವಿರಾರು ಕೋಟಿ ಖರ್ಚಿನಲ್ಲಿ ತಂದು ಬೆರೆಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಮೂರನೇ ಹಂತದ ಸಂಸ್ಕರಣೆ ಆಗದೆ ಒಂದು ಹನಿಯೂ ಆ ಕೆರೆಗಳಿಗೆ ಹೋಗಬಾರದು. ಸಂಗಮದ ಹತ್ತಿರ ಮೇಕೆದಾಟಿನಲ್ಲಿ 67 ಟಿಎಂಸಿ ನಿಲ್ಲಿಸುವ ಪ್ರಸ್ತಾವದ ಬಗ್ಗೆಯೂ ಇದೇ ಮಾತು. ಆ ಅಣೆಕಟ್ಟು ಕಟ್ಟಿದರೆ ಅದಕ್ಕೆ ಬಂದು ಬೀಳುವ ಹೊಳೆಗಳಲ್ಲಿ ಅರ್ಕಾವತಿಯೂ ಒಂದು. ಬೆಂಗಳೂರಿಗೆ ಕುಡಿಯುವ ನೀರು ಕೊಡಲೆಂದು ಕಟ್ಟುವ ಜಲಾಶಯಕ್ಕೆ ಬೆಂಗಳೂರಿನ ಕೊಳಚೆಯೇ ಬಂದು ಸೇರುವ ಸ್ಥಿತಿಯನ್ನು ಇಟ್ಟುಕೊಂಡು ಯಾವ ನ್ಯಾಯಪೀಠದ ಮುಂದೆ ನಿಂತರೂ ನಮ್ಮ ವಾದಕ್ಕೆ ಬಲ ಬರುವುದಿಲ್ಲ. 2018ರ ಕಾವೇರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿಎಂಸಿ ಹೆಚ್ಚು ಕೊಟ್ಟಿತು. ನೀರು ಪಡೆದ ಮೇಲೆ ಅದನ್ನು ಹೇಗೆ ಹಿಂದಿರುಗಿಸುತ್ತೇವೆ ಎಂಬ ಪ್ರಶ್ನೆಯನ್ನು ಕೆಳಗಿನವರು ಕೇಳುವ ಮುಂಚೆ ನಾವೇ ಕೇಳಿಕೊಳ್ಳುವುದು ಮರ್ಯಾದೆ.

ಎತ್ತಿನಹೊಳೆಯ ನೀರು ಬರುವ ದಿನಕ್ಕೆ ಕಾಯದೆ ಮಾಡಬಹುದಾದ ಕೆಲಸಗಳು ಈ ದಾರಿಯಲ್ಲೇ ಕಂಡವು, ಅವಕ್ಕೆ ಸಾವಿರಾರು ಕೋಟಿ ಬೇಡ. ದೊಡ್ಡಬಳ್ಳಾಪುರದ ಕೊಳಚೆಗೆ ಘಟಕ ಮೊದಲು ಆಗಬೇಕು, ಅದು ಎರಡು ಪಂಚಾಯಿತಿಗಳಿಗೂ ಇಡೀ ಹೊಳೆಗೂ ಒಟ್ಟಿಗೆ ಆಗುವ ಉಪಕಾರ. ನಂದಿಯಿಂದ ಹೆಸರಘಟ್ಟದವರೆಗಿನ ರಾಜಕಾಲುವೆಗಳನ್ನು ಕಂದಾಯ ನಕ್ಷೆಯ ಪ್ರಕಾರ ಅಳೆದು ಕಲ್ಲು ನೆಡಬೇಕು. 2003ರ ಅಧಿಸೂಚನೆಯ ಮೂಲ ಅಂತರಗಳನ್ನು ಮತ್ತೆ ಜಾರಿಗೆ ತರಬೇಕು. ಹಳೆಯ ನೀಲಗಿರಿಯನ್ನು ಬುಡಸಹಿತ ತೆಗೆದು ಹುಣಸೆ, ಹಲಸು, ಹೊಂಗೆ ಹಾಕುವ ರೈತನಿಗೆ ಮರ ಫಲ ಕೊಡುವವರೆಗೂ ವರ್ಷಾವರಿ ಹಣ ಕೊಡಬೇಕು, ಅದನ್ನು ಬೆಂಗಳೂರಿನ ನೀರಿನ ಬಿಲ್ಲಿನಲ್ಲಿ ಒಂದು ಸಣ್ಣ ಸೆಸ್ ಆಗಿ ಸೇರಿಸಿದರೆ ನಗರ ತನ್ನ ಋಣದ ಒಂದು ಕಂತು ತೀರಿಸಿದಂತಾಗುತ್ತದೆ. ತಿಪ್ಪಗೊಂಡನಹಳ್ಳಿಗೆ ಪ್ರತಿ ಮಳೆಗಾಲ ಬರುವ ನೀರಿನ ಅಳತೆಯನ್ನೂ ಗುಣವನ್ನೂ ಬೆಂಗಳೂರು ಜಲಮಂಡಳಿ ತಿಂಗಳು ತಿಂಗಳಿಗೆ ಬಹಿರಂಗಪಡಿಸಲಿ. ಈ ಸಲದ ಮುಂಗಾರಿನಿಂದಲೇ ಅದನ್ನು ಶುರುಮಾಡಬಹುದು, ಆ ಒಂದು ಕೆಲಸಕ್ಕೆ ಯಾವ ಸಂಪುಟದ ಒಪ್ಪಿಗೆಯೂ ಬೇಕಿಲ್ಲ.